ಉಪವಾಸ ಕೂರುವ ಅಪ್ಪ

ಎಮುವಿನ ಸಂಸಾರದಲ್ಲಿ ಅಬ್ಬರ ಹೆಣ್ಣಿನದು, ಬಾಣಂತನ ಗಂಡಿನದು. ಹೆಣ್ಣಿನ ಶ್ವಾಸನಾಳಕ್ಕೆ ಹೊಂದಿಕೊಂಡು ಕತ್ತಿನಲ್ಲೊಂದು ಗಾಳಿಚೀಲವಿದೆ. ಅದನ್ನು ಉಬ್ಬಿಸಿ ಡುಮ್ ಡುಮ್ ಎಂದು ಹೊರಡಿಸುವ ದನಿ 2 ಕಿಲೋಮೀಟರ್ ಆಚೆಗೂ ಕೇಳುತ್ತದೆ. ಗಂಡಿನದು ಬರೀ ಗೊರಗೊರ. ಆಸ್ಟ್ರೇಲಿಯಾದಲ್ಲಿ ಚಳಿ ಕಾಲಿಡುವ ಏಪ್ರಿಲ್-ಜೂನ್ ಹೊತ್ತಿಗೆ ಹೆಣ್ಣು ಕೆಲವು ದಿನಕ್ಕೊಂದರಂತೆ ಮೊಟ್ಟೆಯಿಡುತ್ತದೆ. ಬಣ್ಣ ಕಡುಹಸಿರು, ತೂಕ ಒಂದೊಂದೂ ಅರ್ಧ ಕಿಲೋದ ಆಸುಪಾಸು. ಅಷ್ಟಾದರೆ ಆಕೆಯ ಪಾಲಿನ ಕೆಲಸ ಮುಗಿಯಿತು. ಎಷ್ಟೋ ಹೆಣ್ಣುಗಳು ಇನ್ನೊಂದು ಗಂಡನ್ನು ಹುಡುಕಿಕೊಂಡು ಹೊರಟೂಬಿಡುತ್ತವೆ.

ಗಂಡು ತೊಗಟೆ, ಕಡ್ಡಿ, ಹುಲ್ಲು ಹಾಸಿದ ಗೂಡಿನಲ್ಲಿ ಕಾವಿಗೆ ಕೂತರೆ ಸುಮಾರು 8 ವಾರ ಅಲ್ಲೇ. ತಿನ್ನುವುದಿಲ್ಲ, ನೀರು ಹುಡುಕಿ ಹೋಗುವುದಿಲ್ಲ, ಹಿಕ್ಕೆಯನ್ನೂ ಹಾಕುವುದಿಲ್ಲ. ಕೊಕ್ಕಿಗೆ ಎಟಕುವ ಬೆಳಗಿನ ಇಬ್ಬನಿ ಸಿಕ್ಕರೆ ಸಿಕ್ಕಿತು. ದಿನಕ್ಕೆ ಹತ್ತು ಸಲ ಎದ್ದು ಮೊಟ್ಟೆಗಳನ್ನು ಹೊರಳಿಸಿ ಮತ್ತೆ ಕೂರುತ್ತದೆ. ಮರಿ ಹೊರಬರುವಷ್ಟರಲ್ಲಿ ಅದರ ತೂಕದಲ್ಲಿ ಮೂರನೇ ಒಂದು ಪಾಲು ಕರಗಿರುತ್ತದೆ. ತಮಾಷೆಯೆಂದರೆ, ಗೂಡಿನ ಮರಿಗಳೆಲ್ಲ ಕಾವು ಕೂತವನವೇ ಆಗಿರಬೇಕೆಂದಿಲ್ಲ, ಡಿಎನ್ಎ ಪರೀಕ್ಷೆಯಲ್ಲಿ ಇದು ಬಯಲಾಗಿದೆ. ಅಪ್ಪನಿಗೆ ಆ ಲೆಕ್ಕವೆಲ್ಲ ಬೇಕಿಲ್ಲ. ಕಂದು-ಕೆನೆ ಪಟ್ಟೆಯ ಮರಿಗಳನ್ನು ಆರೇಳು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಕಟ್ಟಿಕೊಂಡು ತಿರುಗುತ್ತದೆ. ಹತ್ತಿರ ಸುಳಿದರೆ ಮೊಟ್ಟೆಯಿಟ್ಟ ತಾಯಿಯನ್ನೂ ಅಟ್ಟುತ್ತದೆ.

ಇಷ್ಟು ದಿನ ಹಸಿದಿರಲು ಬಂಡವಾಳ ಒಂದೇ, ಮೈಯ ಕೊಬ್ಬು. ಆಸ್ಟ್ರೇಲಿಯಾದ ಒಳನಾಡಿನ ಮಳೆಯನ್ನು ನಂಬುವಂತಿಲ್ಲ. ಮೇವು ಸಿಕ್ಕಾಗ ಎಮು ಹೊಟ್ಟೆ ಬಿರಿಯೆ ಚಿಗುರು, ಹಣ್ಣು, ಬೀಜ, ಕಂಬಳಿಹುಳು, ಮಿಡತೆ ತಿಂದು ಕೊಬ್ಬು ಕೂಡಿಸುತ್ತದೆ, ಅಲ್ಲಿ ಬರಿದಾದರೆ ನಡೆದುಬಿಡುತ್ತದೆ. ತಿಂದದ್ದನ್ನು ಹೊಟ್ಟೆಯೊಳಗೆ ಅರೆಯಲು ಕಲ್ಲುಗಳನ್ನೂ ನುಂಗುತ್ತದೆ. ನಿಂತರೆ ಆಳೆತ್ತರ ಮೀರುವ, 30ರಿಂದ 45 ಕಿಲೋ ತೂಗುವ ಹಕ್ಕಿ. ಕಾಲಿಗೆ ಮೂರು ಬೆರಳು, ಓಡಿದರೆ ಗಂಟೆಗೆ 50 ಕಿಲೋಮೀಟರ್ ವೇಗ. ರೆಕ್ಕೆ ಇದೆ, ಗೇಣುದ್ದದ್ದು, ಗರಿಯೊಳಗೆ ಹುದುಗಿರುತ್ತದೆ.

ದೂರದಿಂದ ನೋಡಿದರೆ ಹುಲ್ಲಿನ ಬಣವೆಗೆ ಕಾಲು ಬಂದಂತಿದೆ. ಒಂದು ಗರಿಯನ್ನು ಕೈಗೆತ್ತಿಕೊಂಡರೆ ಕಾರಣ ತಿಳಿಯುತ್ತದೆ. ಒಂದೇ ಬುಡದಿಂದ ಸರಿಸಮ ಉದ್ದದ ಎರಡು ದಂಟುಗಳು ಹೊರಟಿರುತ್ತವೆ. ಹಾರುವ ಹಕ್ಕಿಯ ಗರಿಯಲ್ಲಿ ಎಳೆಗಳನ್ನು ಬಿಗಿಯಾಗಿ ಹೆಣೆಯುವ ಪುಟ್ಟ ಕೊಕ್ಕೆಗಳು ಇಲ್ಲಿಲ್ಲ, ಹಾಗಾಗಿ ಎಳೆಗಳೆಲ್ಲ ಕೂದಲಂತೆ ಜೋತುಬೀಳುತ್ತವೆ. ತುದಿಗಳು ಮಾತ್ರ ಕಪ್ಪು. ಬಿಸಿಲಿನ ಕಾವು ಆ ತುದಿಗಳಲ್ಲೇ ತಡೆದು ನಿಲ್ಲುತ್ತದೆ, ಚರ್ಮದವರೆಗೆ ಇಳಿಯುವುದು ಅಲ್ಪ. ಮೂಗಿನೊಳಗಿನ ಮಡಿಕೆಗಳು ಹೊರಹೋಗುವ ಉಸಿರನ್ನು ತಂಪಾಗಿಸಿ, ಅದರ ತೇವವನ್ನು ಹಿಡಿದಿಟ್ಟುಕೊಳ್ಳುತ್ತವೆ.

ಇಂಥ ನಡಿಗೆಯ ಜೀವಕ್ಕೆ ಗೋಧಿಹೊಲ ಸಿಕ್ಕರೆ ಬಿಟ್ಟೀತೆ? 1932ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕ್ಯಾಂಪಿಯನ್ ಸುತ್ತ ಸುಮಾರು 20,000 ಎಮುಗಳು ಬೆಳೆಗೆ ನುಗ್ಗಿದವು. ರೈತರಲ್ಲಿ ಅನೇಕರು ಮೊದಲ ಮಹಾಯುದ್ಧದ ಮಾಜಿ ಸೈನಿಕರು, ಅವರು ಮೆಷಿನ್ ಗನ್ನನ್ನೇ ಕೇಳಿದರು. ಸೇನೆಯ ಮೇಜರ್ ಮೆರೆಡಿತ್ ಎರಡು ಲೂಯಿಸ್ ಗನ್, 10,000 ಗುಂಡುಗಳೊಡನೆ ಬಂದರು. ಗುಂಡು ಹಾರಿದ್ದೇ ತಡ ಹಿಂಡು ಚೆಲ್ಲಾಪಿಲ್ಲಿ. ಸತ್ತವು ಹಿಂಡಿನ ಸಣ್ಣ ಪಾಲು, ಸೇನೆ ಬರಿಗೈಯಲ್ಲಿ ಮರಳಿತು.

ಎಮುವನ್ನು ಸೋಲಿಸಿದ್ದು ಬೇಲಿ, ಅದೂ ನಮ್ಮ ಕಡೆ. ಉಪವಾಸದಲ್ಲಿ ಎಮುವನ್ನು ಕಾಯುವ ಅದೇ ಕೊಬ್ಬಿನ ಎಣ್ಣೆಗೆ ಭಾರಿ ಬೆಲೆಯಿದೆಯೆಂದು ನಂಬಿ ಆಂಧ್ರ, ತಮಿಳುನಾಡು, ಕರ್ನಾಟಕಗಳಲ್ಲಿ ಫಾರಂಗಳೆದ್ದವು. ಎಣ್ಣೆಗಾಗಲಿ ಮಾಂಸಕ್ಕಾಗಲಿ ಗಟ್ಟಿ ಗಿರಾಕಿ ಇರಲಿಲ್ಲ, ಹೊಸದಾಗಿ ಸೇರುವವರಿಗೆ ಹಕ್ಕಿ ಮಾರುವುದರಲ್ಲೇ ಲಾಭವೆಲ್ಲ ಇತ್ತು. 2012ರಲ್ಲಿ ಈರೋಡ್ ಜಿಲ್ಲೆಯ ಪೆರುಂದುರೈಯಲ್ಲಿ ಈ ವ್ಯವಹಾರ ಕುಸಿದು, ಹಣ ಹೂಡಿದವರು ಪೊಲೀಸ್ ಠಾಣೆಗೆ ಅಲೆದರು. ಫಾರಂಗಳ ಎಮುಗಳಿಗೆ ಮೇವು ಹಾಕಿಸುವ ಕೆಲಸ ಸರ್ಕಾರದ ತಲೆಗೆ ಬಂತು.