ಯಾರೂ ಕಳಿಸದ ಬಿಲ್: 14.5 ಕೋಟಿ ಯೂರೊ!

ಗಾಳಿ, ನೀರು, ಮಣ್ಣು ಮೂರೂ ಸೇರಿ ಬಿಲ್ ಕಳಿಸಿದರೆ ಎಷ್ಟಾದೀತು? ಇಂಥ ಹುಚ್ಚು ಪ್ರಶ್ನೆಯನ್ನು ಜರ್ಮನಿಯ ಹೆರ್ಟ್ಸೋಗೆನೌರಾಕ್ ಎಂಬ ಪುಟ್ಟ ಊರಿನ ಶೂ ಕಂಪನಿಯೊಂದು ನಿಜಕ್ಕೂ ಕೇಳಿತು, ಉತ್ತರವನ್ನೂ ಊರಿಗೆಲ್ಲ ಸಾರಿತು! ಕಂಪನಿ ಪೂಮಾ. ಆಗ ಅದರ ಚುಕ್ಕಾಣಿ ಹಿಡಿದಿದ್ದವರು ಯೋಹೆನ್ ಜೈಟ್ಸ್. 2010ರ ಸಾಲಿಗೆ ಹಾಕಿದ ಆ ಲೆಕ್ಕ 2011ರಲ್ಲಿ ಹೊರಬಿತ್ತು: 14.5 ಕೋಟಿ ಯೂರೊ. ಆ ವರ್ಷ ಕಂಪನಿಯ ನಿವ್ವಳ ಲಾಭವೇ 20 ಕೋಟಿಯ ಆಸುಪಾಸು. ಪ್ರಕೃತಿ ಬಾಕಿ ವಸೂಲಿಗೆ ನಿಂತಿದ್ದರೆ ಲಾಭದ ಮುಕ್ಕಾಲು ಪಾಲು ಹತ್ತಿರಹತ್ತಿರ ಖಾಲಿ!

ಬೆಲೆ ಕಟ್ಟಿದ್ದು ಹೇಗೆ? ಒಂದು ಟನ್ ಇಂಗಾಲದ ಹೊಗೆಗೆ 66 ಯೂರೊ. ನೀರಿಗೆ ಮಾತ್ರ ಎಲ್ಲೆಡೆ ಒಂದೇ ದರವಿಲ್ಲ; ಸಮೃದ್ಧಿ ಇದ್ದಲ್ಲಿ ಅಗ್ಗ, ಬತ್ತಿದಲ್ಲಿ ದುಬಾರಿ. ಮಲೆನಾಡಿನ ಕೊಡ ನೀರಿಗೂ ಬಯಲುಸೀಮೆಯ ಕೊಡ ನೀರಿಗೂ ಇರುವ ಅಂತರ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದು ಲೆಕ್ಕಪುಸ್ತಕದ ಕಾಲಮ್ಮಿಗೆ ಇಳಿದಿತ್ತಲ್ಲ, ಅದು ಹೊಸತು!

ಈ ದರಗಳೆಲ್ಲ ಅಂದಾಜು. ತಕರಾರು ತೆಗೆಯಬಹುದು, ತೆಗೆಯಲೂಬೇಕು. ಆದರೆ ಆ ಮೊತ್ತ ಅಡಗಿ ಕೂತಿದ್ದ ಜಾಗ ನೋಡಿ! ಪೂಮಾದ ಸ್ವಂತ ಕಚೇರಿ, ಅಂಗಡಿ, ಗೋದಾಮುಗಳ ಪಾಲು ಬರೀ ಶೇ 6. ಶೂ ಜೋಡಿಸುವ ಕಾರ್ಖಾನೆಗಳಿಗೆ ಹೋದರೆ ಶೇ 9. ಅದರಾಚೆ ಅಟ್ಟೆ ಮಾಡುವವರು, ಮುದ್ರಣ-ಕಸೂತಿಯವರು: ಶೇ 10. ಇನ್ನೂ ಆಚೆ ಚರ್ಮ ಹದಮಾಡುವವರು, ರಾಸಾಯನಿಕ ತಯಾರಕರು: ಶೇ 19. ಕಟ್ಟಕಡೆಗೆ, ಕಂಪನಿಯ ಮ್ಯಾನೇಜರು ಬಹುಶಃ ಕಾಲೇ ಇಡದ ಕಡೆ, ದನ ಮೇಯುವ ಹುಲ್ಲುಗಾವಲು, ಹತ್ತಿ ಹೊಲ, ರಬ್ಬರ್ ತೋಟ: ಶೇ 57! ಕಚೇರಿಯ ದೀಪ ಆರಿಸಿ ಬೀಗುತ್ತಿದ್ದವರಿಗೆ ಎಂಥ ಕಪಾಳಮೋಕ್ಷ! ದುಬಾರಿಯಾದದ್ದೆಲ್ಲ ದನದ ಚರ್ಮದಲ್ಲಿ, ಹತ್ತಿಯ ನೀರಿನಲ್ಲಿ ಇತ್ತು.

ಅಲ್ಲಿಂದ ತೀರ್ಮಾನಗಳ ದಿಕ್ಕೇ ಬದಲಾಯಿತು. 2012ರಲ್ಲಿ ಇದೇ ತಕ್ಕಡಿಯಲ್ಲಿ ಎರಡು ಶೂ ತೂಗಿದರು: ಹೆಸರುವಾಸಿ ಚರ್ಮದ ಸ್ವೇಡ್ ಮತ್ತು ಮಣ್ಣಲ್ಲಿ ಕೊಳೆಯುವಂಥ ಹೊಸ ಇನ್‌ಸೈಕಲ್. ಇನ್‌ಸೈಕಲ್‌ನದು ಪರಿಸರದ ಹೊರೆ ಸುಮಾರು ಮೂರನೇ ಒಂದು ಭಾಗ ಕಡಿಮೆ! ಗಿರಾಕಿಗಳು ಮಾತ್ರ ಕರಗಲಿಲ್ಲ, ಬಿಡಿ; ಮಾರಾಟ ಸಾಲದೆ ಇನ್‌ಸೈಕಲ್ ನಿಂತುಹೋಯಿತು. ಲೆಕ್ಕ ನಿಲ್ಲಲಿಲ್ಲ. ಗುಚ್ಚಿಯ ಒಡೆಯ ಸಂಸ್ಥೆ ಕೇರಿಂಗ್ 2015ರಲ್ಲಿ ತನ್ನ ಇಡೀ ಬಳಗದ ಬಿಲ್ ಪ್ರಕಟಿಸಿತು, ಜೊತೆಗೆ ಲೆಕ್ಕ ಹಾಕುವ ವಿಧಾನವನ್ನೂ. ಪೈಪೋಟಿಗಾರರಿಗೂ ಸೂತ್ರ ಪುಕ್ಕಟೆ!