ಫೋನಿನೊಳಗೆ ನಮ್ಮ ಕನ್ನಡ



ಈಗ ಮನೆಮನೆಗೂ ಫೋನು ಬಂದಿದೆ. ಏನು ಕೇಳಿದರೂ ಅದರಲ್ಲಿ ಸಿಗುತ್ತೆ ಅಂತ ಮಕ್ಕಳು ಹೇಳ್ತಾರೆ. ಇದು ಪೂರ್ತಿ ನಿಜ ಅಲ್ಲ. ಫೋನಿಗೆ ತಾನಾಗಿ ಏನೂ ಗೊತ್ತಿಲ್ಲ. ಯಾರಾದರೂ ಬರೆದು ಇಟ್ಟಿದ್ದರೆ ತೋರಿಸುತ್ತೆ. ಕೇಳಿದ್ದಕ್ಕೆ ಮಾತಾಡಿ ಉತ್ತರ ಹೇಳುವ ಹೊಸ ಫೋನೂ ಅಷ್ಟೆ. ಹಿಂದೆ ಜನ ಬರೆದದ್ದರಿಂದಲೇ ಅದು ಕಲಿತದ್ದು. ಕಣಜಕ್ಕೆ ತುಂಬಿದ್ದನ್ನು ತಾನೇ ನಾವು ತೆಗೆದು ಉಣ್ಣುವುದು? ಇಂಟರ್ನೆಟ್ಟು ಅನ್ನುವುದೂ ಅಂಥದೇ ಒಂದು ಕಣಜ.

ಕನ್ನಡದ ಕಣಜದಲ್ಲಿ ಎಷ್ಟಿದೆ?

ಇಂಟರ್ನೆಟ್ಟಿನಲ್ಲಿ ವಿಕಿಪೀಡಿಯ ಅಂತ ಒಂದು ದೊಡ್ಡ ಪುಸ್ತಕ ಇದೆ. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಯಾರು ಬೇಕಾದರೂ ಓದಬಹುದು. ಯಾರು ಬೇಕಾದರೂ ಬರೆಯಬಹುದು. 2001ರಲ್ಲಿ ಅದು ಇಂಗ್ಲಿಷಿನಲ್ಲಿ ಶುರುವಾಯಿತು. ಕನ್ನಡದ್ದು ಶುರುವಾದದ್ದು 2003ರಲ್ಲಿ. ಇಂಗ್ಲಿಷಿನಲ್ಲಿ ಈಗ 60 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ಕನ್ನಡದಲ್ಲಿ 30 ಸಾವಿರ ದಾಟಿದೆ, ಅಷ್ಟೆ.

ನಾವೇನು ಕಡಿಮೆ ಜನ ಇದ್ದೇವಾ? 2011ರ ಜನಗಣತಿಯಲ್ಲಿ ಕನ್ನಡ ನಮ್ಮ ಮಾತೃಭಾಷೆ ಅಂತ ಬರೆಸಿದವರು 4 ಕೋಟಿ 37 ಲಕ್ಷ ಜನ. ಆಡುವವರು ಇಷ್ಟು ಮಂದಿ. ಬರೆಯುವವರು ಮಾತ್ರ ಕೆಲವೇ ಮಂದಿ. ಅವರಲ್ಲೂ ಹೆಂಗಸರು ತೀರಾ ಕಡಿಮೆ.

ಇದರಿಂದ ನಮಗೇನು ನಷ್ಟ?

ಒಂದು ಉದಾಹರಣೆ ನೋಡೋಣ. ಗದ್ದೆಯಲ್ಲಿ ನಾಟಿ ಹಾಕುವಾಗ ಒಬ್ಬಾಕೆಗೆ ಹಾವು ಕಚ್ಚಿತು ಅಂದುಕೊಳ್ಳಿ. ಮಗಳು ಫೋನಿನಲ್ಲಿ ಹುಡುಕುತ್ತಾಳೆ. ಕಚ್ಚಿದ ಕೈಕಾಲು ಅಲುಗಾಡಿಸಬೇಡಿ, ಬಿಗಿಯಾಗಿ ಕಟ್ಟಬೇಡಿ, ಗಾಯ ಕೊಯ್ಯಬೇಡಿ, ಕೂಡಲೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಈ ಮಾತು ಕನ್ನಡದಲ್ಲಿ ಸಿಕ್ಕಿದರೆ ಒಂದು ಜೀವ ಉಳಿಯುತ್ತೆ. ಸರಿಯಾದ ಮಾತು ಕನ್ನಡದಲ್ಲಿ ಇಲ್ಲದೆ ಹೋದರೆ ಅಲ್ಲಿ ತಪ್ಪು ಮಾತು ಬಂದು ಕೂರುತ್ತೆ. ಖಾಲಿ ಬಿಟ್ಟ ಹೊಲದಲ್ಲಿ ಕಳೆ ಬೆಳೆಯುವ ಹಾಗೆ.

ಬರೆಯಲು ಕಲಿಸುತ್ತಿದ್ದಾರೆ

ಈ ಕೊರತೆ ಕಂಡು ಕೆಲವರು ಕೆಲಸಕ್ಕೆ ಇಳಿದರು. ಡಾ. ಯು. ಬಿ. ಪವನಜ ಅವರು 1996ರಷ್ಟು ಹಿಂದೆಯೇ ಇಂಟರ್ನೆಟ್ಟಿನಲ್ಲಿ 'ವಿಶ್ವಕನ್ನಡ' ಅನ್ನುವ ಕನ್ನಡ ಪತ್ರಿಕೆ ತಂದರು. ಆಮೇಲೆ ಊರೂರಿನ ಕಾಲೇಜುಗಳಲ್ಲಿ ಮಕ್ಕಳಿಗೆ ವಿಕಿಪೀಡಿಯದಲ್ಲಿ ಬರೆಯುವುದನ್ನು ಹೇಳಿಕೊಟ್ಟರು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ ಕನ್ನಡ ಓದುವ ಮಕ್ಕಳು ಪಾಠದ ಜೊತೆಗೇ ಲೇಖನ ಬರೆದರು. ಕರಾವಳಿಯ ತುಳು ಭಾಷೆಯವರು ಹಲವು ವರ್ಷ ಕೂಡಿ ಬರೆದರು. 2016ರಲ್ಲಿ ತುಳುವಿಗೂ ಅದರದೇ ವಿಕಿಪೀಡಿಯ ಬಂತು.

ನಮ್ಮ ಜಿಲ್ಲೆಯ ಪಾಲೂ ಇದರಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಪಂಡಿತರು ಬರೆದ ದೊಡ್ಡ ದೊಡ್ಡ ಸಂಪುಟಗಳು. ಅವುಗಳಲ್ಲಿ ಕೆಲವನ್ನು ವಿಶ್ವವಿದ್ಯಾನಿಲಯ 2014ರಲ್ಲಿ ಎಲ್ಲರ ಬಳಕೆಗೆ ಬಿಟ್ಟುಕೊಟ್ಟಿತು.

ಇದು ನಮ್ಮೊಬ್ಬರ ಪಾಡಲ್ಲ. ದೂರದ ಆಫ್ರಿಕಾದಲ್ಲೂ ಇದೇ ಪಾಡು. ಅಲ್ಲಿ ಶಾಲೆ, ಕಚೇರಿ ಅಂದರೆ ಹೆಚ್ಚಾಗಿ ಇಂಗ್ಲಿಷು, ಫ್ರೆಂಚು. ಮನೆಯಲ್ಲಿ ಆಡುವ ಮಾತು ಬೇರೆ. ಪೂರ್ವ ಆಫ್ರಿಕಾದಲ್ಲಿ ಸ್ವಾಹಿಲಿ ಅನ್ನುವ ಭಾಷೆ ಇದೆ. 2009ರಲ್ಲಿ ಗೂಗಲ್ ಕಂಪನಿ ಕೆನ್ಯಾ, ತಾಂಜಾನಿಯಾ ದೇಶಗಳ ಕಾಲೇಜು ಮಕ್ಕಳಿಗೆ ಸ್ವಾಹಿಲಿಯಲ್ಲಿ ಲೇಖನ ಬರೆಯುವ ಸ್ಪರ್ಧೆ ಇಟ್ಟಿತು. ಈಗ ಸ್ವಾಹಿಲಿ ವಿಕಿಪೀಡಿಯದಲ್ಲಿ ಕನ್ನಡಕ್ಕಿಂತ ಹೆಚ್ಚು ಲೇಖನಗಳಿವೆ. ಅವರ ಕೈಲಿ ಆದದ್ದು ನಮ್ಮ ಕೈಲಿ ಆಗುವುದಿಲ್ಲವೇ?

ಏನು ಕಲಿಸುತ್ತಾರೆ?

1. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಒತ್ತುವುದು. ಗುಣಿತ, ಒತ್ತಕ್ಷರ ಬಂದವರಿಗೆ ಇದು ಕಷ್ಟವಲ್ಲ.
2. ಬೇರೆಯವರು ಬರೆದದ್ದನ್ನು ನಕಲು ಮಾಡದೆ ಸ್ವಂತ ಮಾತಿನಲ್ಲಿ ಬರೆಯುವುದು.
3. ಹೊಗಳದೆ, ತೆಗಳದೆ ಇದ್ದದ್ದು ಇದ್ದ ಹಾಗೆ ಹೇಳುವುದು.
4. ಈ ವಿಷಯ ಯಾವ ಪುಸ್ತಕದಲ್ಲಿ, ಯಾವ ಪತ್ರಿಕೆಯಲ್ಲಿ ಇದೆ ಅಂತ ತೋರಿಸುವುದು.

ಒಬ್ಬರು ತಪ್ಪು ಬರೆದರೆ ಇನ್ನೊಬ್ಬರು ತಿದ್ದಬಹುದು. ಆದ್ದರಿಂದ ಹೆದರಿಕೆ ಬೇಡ. ಹಾಗೇ ಓದಿದ್ದನ್ನೆಲ್ಲ ನಂಬುವುದೂ ಬೇಡ.

ನಮ್ಮ ಊರಿನದು ಏನು ಬರೆಯಬೇಕು?

ಕಪಿಲಾ ನದಿಯ ದಡದ ಸುತ್ತೂರಿನ ಹೆಸರು ನಾಡಿಗೆಲ್ಲ ಗೊತ್ತು. ಇಲ್ಲಿನ ಮಠ, ವರ್ಷ ವರ್ಷ ನಡೆಯುವ ಜಾತ್ರೆ, 1954ರಲ್ಲಿ ರಾಜೇಂದ್ರ ಸ್ವಾಮಿಗಳು ಕಟ್ಟಿದ ಜೆಎಸ್‌ಎಸ್ ವಿದ್ಯಾಪೀಠ, ಇವುಗಳ ವಿಷಯ ಪುಸ್ತಕಗಳಲ್ಲಿ ಸಿಗುತ್ತೆ. ಆದರೆ ಹೆಂಗಸರು ಬಲ್ಲ ವಿದ್ಯೆ ಎಷ್ಟು ಬರವಣಿಗೆಗೆ ಬಂದಿದೆ? ಬಿತ್ತನೆ ರಾಗಿಗೆ ಹುಳ ಬೀಳದ ಹಾಗೆ ಇಡುವುದು ಹೇಗೆ? ಹಿಂದೆ ನೆಲದೊಳಗೆ ಹಗೇವು ತೋಡಿ ಕಾಳು ತುಂಬುತ್ತಿದ್ದರು. ಅದನ್ನು ಮುಚ್ಚುತ್ತಿದ್ದದ್ದು ಹೇಗೆ? ನಾಟಿ ಹಾಕುವಾಗ ಹೇಳುವ ಪದ ಯಾವುದು? ಸೊರಗು ರೋಗ ಬಂದು ನಂಜನಗೂಡಿನ ರಸಬಾಳೆ ತೋಟಗಳು ಕಡಿಮೆಯಾದವು. ಅದಕ್ಕೆ ಮುಂಚೆ ಆ ಬಾಳೆಯನ್ನು ಹೇಗೆ ಸಾಕುತ್ತಿದ್ದರು? ಇದೆಲ್ಲ ಹಿರಿಯರ ಬಾಯಲ್ಲಿದೆ. ಹಿರಿಯರು ಹೋದರೆ ಅದೂ ಹೋಗುತ್ತೆ.

ಇಲ್ಲಿ ಒಂದು ತೊಡಕು ಇದೆ. ನಮ್ಮಜ್ಜಿ ಹೇಳಿದರು ಅಂತ ವಿಕಿಪೀಡಿಯದಲ್ಲಿ ಬರೆದರೆ ನಡೆಯುವುದಿಲ್ಲ. ಅದು ಮೊದಲು ಪುಸ್ತಕದಲ್ಲೋ ಪತ್ರಿಕೆಯಲ್ಲೋ ಅಚ್ಚಾಗಿರಬೇಕು. ಅದಕ್ಕೇ ನಾವು ಎರಡು ಕೆಲಸ ಮಾಡಬಹುದು. ಒಂದು, ಅಜ್ಜಿ ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಚೆನ್ನಾಗಿ ಬರೆದದ್ದನ್ನು ಪತ್ರಿಕೆಗೆ ಕಳಿಸುವುದು. ಎರಡು, ಮೊರ, ಒರಳು, ಹಗೇವು ಇಂಥವುಗಳ ಫೋಟೊ ತೆಗೆಯುವುದು. ಫೋಟೊ, ದನಿ ಸೇರಿಸಲು ಕಾಮನ್ಸ್ ಅನ್ನುವ ಬೇರೆ ಭಂಡಾರ ಇದೆ. ಅಲ್ಲಿ ನಾವೇ ತೆಗೆದ ಫೋಟೊ ಹಾಕಬಹುದು. ಆದರೆ ಒಂದು ಎಚ್ಚರ. ಯಾರದೇ ಮುಖ, ಯಾರದೇ ದನಿ ಹಾಕುವ ಮುಂಚೆ ಅವರ ಒಪ್ಪಿಗೆ ಕೇಳಬೇಕು. ಹಾಕಿದ ಮೇಲೆ ಅದನ್ನು ಲೋಕವೆಲ್ಲ ನೋಡುತ್ತೆ.

ಕಾಲೇಜಿಗೆ ಹೋಗುವ ಮಗಳಿಗೆ ಒತ್ತುವುದು ಗೊತ್ತು. ನಿಮಗೆ ವಿಷಯ ಗೊತ್ತು. ಅವಳ ಬೆರಳು, ನಿಮ್ಮ ಮಾತು ಕೂಡಿದರೆ ಕನ್ನಡದ ಕಣಜ ತುಂಬುತ್ತೆ. ಈಗ ನಿಮಗೂ ಅಕ್ಷರ ಬಂದಿದೆ. ಮಗಳು ಬರೆದದ್ದನ್ನು ನೀವೇ ಓದಿ ನೋಡಿ. ತಪ್ಪಿದ್ದರೆ ತಿದ್ದಿಸಿ.

ಕೂಡಿ ಮಾತಾಡೋಣ

1. ಫೋನಿನಲ್ಲಿ ಕನ್ನಡದಲ್ಲಿ ನೀವು ಏನು ಹುಡುಕಿದ್ದೀರಿ? ಸಿಕ್ಕಿತೇ?
2. ನಿಮ್ಮ ಮನೆಯ ಹಿರಿಯರಿಗೆ ಮಾತ್ರ ಗೊತ್ತಿರುವ ಒಂದು ಕೆಲಸ ಯಾವುದು?
3. ಅದನ್ನು ಅವರಿಂದ ಕೇಳಿ ಹತ್ತು ಸಾಲು ಬರೆಯಿರಿ.