ಬಾನುಲಿ ಕೇಂದ್ರಕ್ಕೆ ಬೆಲೆ ಕಟ್ಟುವುದು ಹೇಗೆ?

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕಂಡವರಿಗೆ ವ್ಯಾಪಾರದ ಮೊದಲ ಪಾಠ ತಾನಾಗಿಯೇ ಆಗುತ್ತದೆ. ರೈತ ತಂದು ಹರಡಿದ ಗೂಡನ್ನು ರೀಲರ್ ಕೈಗೆತ್ತಿಕೊಳ್ಳುತ್ತಾನೆ, ಒತ್ತಿ ನೋಡುತ್ತಾನೆ, ಆಮೇಲೆ ಬೆಲೆ ಹೇಳುತ್ತಾನೆ. ಬಾಯಲ್ಲಿ ಕೂಗುವ ಕಾಲ ಹೋಗಿ ಇ-ಹರಾಜು ಬಂದಿದೆಯಾದರೂ ಸರಕು ಕಣ್ಣೆದುರೇ ಇರುತ್ತದೆ. ಮಾಗಡಿಯ ದನಗಳ ಜಾತ್ರೆಯಲ್ಲಿ ದಲ್ಲಾಳಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಗುಟ್ಟಾಗಿ ವ್ಯಾಪಾರ ಕುದುರಿಸಿದರೂ ಎತ್ತು ಬಯಲಿನಲ್ಲೇ ನಿಂತಿರುತ್ತದೆ. ಚನ್ನಪಟ್ಟಣದ ಬೊಂಬೆಯಾಗಲಿ, ಕನಕಪುರದ ಕಡೆಯ ಕಲ್ಲಾಗಲಿ, ಎಲ್ಲವೂ ಮುಟ್ಟಿ ನೋಡಿ ಕೊಳ್ಳುವ ಸರಕೇ.

ಕಣ್ಣಿಗೆ ಕಾಣದ, ಕೈಗೆ ಸಿಗದ ಸರಕೂ ಒಂದುಂಟು. ಅದು ಬಾನುಲಿ ಕೇಂದ್ರ. ಅದನ್ನೂ ಕೊಳ್ಳುವವರು, ಮಾರುವವರು ಇದ್ದಾರೆ. ಅಮೆರಿಕದಲ್ಲಂತೂ ರೇಡಿಯೊ ಕೇಂದ್ರಗಳ ವ್ಯಾಪಾರವನ್ನೇ ಕಸುಬಾಗಿಸಿಕೊಂಡ ದಲ್ಲಾಳಿಗಳು ದಶಕಗಳಿಂದ ಇದ್ದಾರೆ. ಊರು ಯಾವುದು, ಕೇಳುಗರೆಷ್ಟು, ಜಾಹೀರಾತಿನ ವರಮಾನವೆಷ್ಟು ಎಂಬ ವಿವರಗಳನ್ನು ಮುಂದಿಟ್ಟು, ಮಾರುವವರನ್ನೂ ಕೊಳ್ಳುವವರನ್ನೂ ಕೂಡಿಸುವುದು ಅವರ ಕೆಲಸ. ನಮ್ಮಲ್ಲಿ ಇಂಥ ಸಂತೆ ಏಕಿಲ್ಲ? ನಾಳೆ ರಾಮನಗರದ ವರ್ತಕರೊಬ್ಬರು ರೇಡಿಯೊ ಕೇಂದ್ರ ಕೊಳ್ಳುತ್ತೇನೆಂದರೆ ಸಾಧ್ಯವೇ?

ಬಸ್ಸಿಗಿಂತ ರೂಟಿಗೆ ಬೆಲೆ

ಮೊದಲು, ಮಾರಾಟವಾಗುವುದು ಏನು ಎಂದು ತಿಳಿಯಬೇಕು. ಕೇಂದ್ರವೆಂದರೆ ಒಂದು ಕಟ್ಟಡ, ಎತ್ತರದ ಗೋಪುರ, ಪ್ರಸಾರ ಯಂತ್ರ, ಮೈಕು, ಹಾಡುಗಳ ಸಂಗ್ರಹ. ಇವಿಷ್ಟನ್ನೂ ಹಣವಿದ್ದವರು ಕೊಳ್ಳಬಹುದು. ಆದರೆ ಇಂಥ ತರಂಗಾಂತರದಲ್ಲಿ ಪ್ರಸಾರ ಮಾಡಬಹುದು ಎಂಬ ಸರಕಾರದ ಪರವಾನಗಿ ಇಲ್ಲದಿದ್ದರೆ ಗೋಪುರ ಬರೀ ಕಬ್ಬಿಣ. ಖಾಸಗಿ ಬಸ್ಸು ಕಂಡ ನಮ್ಮ ಜನಕ್ಕೆ ಇದನ್ನು ವಿವರಿಸಬೇಕಿಲ್ಲ. ಬಸ್ಸಿನ ಬೆಲೆ ಒಂದಾದರೆ ರೂಟಿನ ಬೆಲೆ ಇನ್ನೊಂದು. ಪರ್ಮಿಟ್ ಇಲ್ಲದ ಬಸ್ಸು ಶೆಡ್ಡಿನಲ್ಲಿ ನಿಲ್ಲುತ್ತದೆ.

ಪರವಾನಗಿಗೆ ಇಷ್ಟು ಬೆಲೆ ಬರಲು ಕಾರಣ ಜಾಗದ ಅಭಾವ. ಎಫ್‌ಎಂ ರೇಡಿಯೊಗೆ ಮೀಸಲಾದದ್ದು 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಪಟ್ಟಿ ಮಾತ್ರ. ಒಂದೇ ಊರಿನಲ್ಲಿ ಎರಡು ಕೇಂದ್ರಗಳು ತೀರಾ ಹತ್ತಿರದ ಸಂಖ್ಯೆಗಳಲ್ಲಿ ಮಾತನಾಡಿದರೆ ಒಂದರ ಮೇಲೊಂದು ಬಿದ್ದು ಎರಡೂ ಕೇಳಿಸವು. ಬೆಂಗಳೂರಿನ ಸಂಖ್ಯೆಗಳನ್ನೇ ನೋಡಿ: 91.1, 91.9, 92.7, 93.5, 94.3. ಒಂದಕ್ಕೂ ಇನ್ನೊಂದಕ್ಕೂ ನಡುವೆ 0.8ರ ಬೇಲಿ. ಹೀಗೆ ಬೇಲಿ ಹಾಕುತ್ತ ಹೋದರೆ ಉಳಿಯುವ ಸೈಟುಗಳು ಕೆಲವೇ. ಸೈಟು ಕಡಿಮೆಯಿದ್ದಲ್ಲಿ ಬೆಲೆ ಏರುವುದು ಲೋಕರೂಢಿ.

ಅಮೆರಿಕದ ಸಂತೆ

ಅಮೆರಿಕದಲ್ಲಿ ಪರವಾನಗಿಯನ್ನು ಸರಕಾರ ಬಹುಕಾಲ ಹರಾಜು ಹಾಕದೆಯೇ ಹಂಚಿತು. ಅಲೆಗಳು ಯಾರ ಸ್ವತ್ತೂ ಅಲ್ಲ ಎಂದೇ ಅಲ್ಲಿನ ಕಾನೂನು ಹೇಳುತ್ತದೆ. ಆದರೆ ಪಡೆದವನು ಮುಂದೆ ತನ್ನ ಕೇಂದ್ರವನ್ನು ಮಾರಬಹುದು; 1934ರಲ್ಲಿ ಸ್ಥಾಪನೆಯಾದ ಫೆಡರಲ್ ಸಂಪರ್ಕ ಆಯೋಗದ ಒಪ್ಪಿಗೆಯಿದ್ದರೆ ಪರವಾನಗಿಯೂ ಕೊಂಡವನ ಹೆಸರಿಗೆ ಹೋಗುತ್ತದೆ. ಒಬ್ಬನೇ ಎಲ್ಲವನ್ನೂ ಕೊಳ್ಳಬಾರದೆಂದು ಮಿತಿಯೂ ಇತ್ತು. 1990ರ ದಶಕದ ನಡುವಿನಲ್ಲಿ ಒಂದು ಕಂಪನಿ ಇಡೀ ದೇಶದಲ್ಲಿ 20 ಎಎಂ, 20 ಎಫ್‌ಎಂ ಕೇಂದ್ರಗಳಿಗಿಂತ ಹೆಚ್ಚು ಹೊಂದುವಂತಿರಲಿಲ್ಲ.

1996ರ ದೂರಸಂಪರ್ಕ ಕಾಯ್ದೆ ಈ ರಾಷ್ಟ್ರೀಯ ಮಿತಿಯನ್ನು ತೆಗೆದುಹಾಕಿತು. ಸಂತೆ ಬಿಸಿಯೇರಿತು. ಹತ್ತಾರು ಕೇಂದ್ರಗಳಿದ್ದ ‘ಕ್ಲಿಯರ್ ಚಾನೆಲ್’ ಕಂಪನಿ ಕೆಲವೇ ವರ್ಷಗಳಲ್ಲಿ ಸುಮಾರು 1,200 ಕೇಂದ್ರಗಳ ಒಡೆಯನಾಯಿತು. ಖರ್ಚು ಉಳಿಸಲು ದೂರದ ಊರಿನಲ್ಲಿ ಧ್ವನಿಮುದ್ರಿಸಿದ ಮಾತನ್ನೇ ಹಲವು ಊರುಗಳಲ್ಲಿ ಬಿತ್ತರಿಸುವ ರೂಢಿ ಬೆಳೆಯಿತು.

ಇದರಿಂದೇನು ನಷ್ಟ ಎಂದು ಕೇಳಬಹುದು. 2002ರ ಜನವರಿ 18ರ ನಸುಕಿನಲ್ಲಿ ಉತ್ತರ ಡಕೋಟ ರಾಜ್ಯದ ಮೈನಾಟ್ ಎಂಬ ಊರಿನ ಬಳಿ ರೈಲು ಹಳಿ ತಪ್ಪಿ ಅಮೋನಿಯಾ ವಿಷಾನಿಲ ಊರಿನ ಕಡೆಗೆ ಹಬ್ಬಿತು. ಊರಿನ ಆರು ವಾಣಿಜ್ಯ ಕೇಂದ್ರಗಳೂ ಆಗ ಇದೇ ಕಂಪನಿಯ ಕೈಯಲ್ಲಿದ್ದವು. ಜನರನ್ನು ಎಚ್ಚರಿಸಲು ಪೊಲೀಸರು ರೇಡಿಯೊ ಕೇಂದ್ರಕ್ಕೆ ಫೋನು ಮಾಡಿದರೂ ಸಂಪರ್ಕ ಸಿಗಲಿಲ್ಲ. ತಪ್ಪು ಕೇಂದ್ರದ್ದೋ ಪೊಲೀಸರ ಉಪಕರಣದ್ದೋ ಎಂಬ ವಾದ ಬಹುಕಾಲ ನಡೆಯಿತು. ಒಬ್ಬರು ಪ್ರಾಣ ಕಳೆದುಕೊಂಡರು, ನೂರಾರು ಜನ ಚಿಕಿತ್ಸೆ ಪಡೆದರು. ಮಾರಾಟಪತ್ರದಲ್ಲಿ ಬರೆಯದ ಸರಕೊಂದು ಕೇಂದ್ರದ ಜೊತೆ ಕೈಬದಲಾಗುತ್ತದೆ ಎಂಬುದು ಅಂದು ಅಮೆರಿಕಕ್ಕೆ ಅರಿವಾಯಿತು. ಅದು ಊರಿನ ದನಿ.

ನಮ್ಮ ಕಥೆಯೇ ಬೇರೆ

ನಮ್ಮಲ್ಲಿ ಖಾಸಗಿ ಕೇಂದ್ರದಿಂದಲೇ ಕಥೆ ಆರಂಭವಾದರೂ ದಾರಿ ಬೇರೆಯಾಯಿತು. 1927ರ ಜುಲೈ 23ರಂದು ಮುಂಬಯಿಯಲ್ಲಿ, ಮರುತಿಂಗಳು ಕಲ್ಕತ್ತದಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಪ್ರಸಾರ ಶುರುಮಾಡಿತು. ಮೂರು ವರ್ಷ ತುಂಬುವ ಮೊದಲೇ ಕಂಪನಿ ಮುಳುಗಿತು. 1930ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸರಕಾರವೇ ಕೇಂದ್ರಗಳನ್ನು ವಹಿಸಿಕೊಂಡಿತು. 1936ರಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂತು.

ಕನ್ನಡನಾಡಿನ ಮೊದಲ ಕೇಂದ್ರ ಕೈಬದಲಾದ ಕಥೆ ಇನ್ನೂ ಸ್ವಾರಸ್ಯದ್ದು. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವ್ಯಾಟ್‌ನ ಪುಟ್ಟ ಯಂತ್ರದ ಮೂಲಕ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ನಿಂತದ್ದು ಆ ಮನೆಯ ಕೇಂದ್ರಕ್ಕೆ. 1940ರ ದಶಕದ ಆರಂಭದಲ್ಲಿ ಅದು ಸಂಸ್ಥಾನದ ಕೈಗೆ ಹೋಯಿತು. 1950ರ ಏಪ್ರಿಲ್‌ನಲ್ಲಿ ಆಲ್ ಇಂಡಿಯಾ ರೇಡಿಯೊದಲ್ಲಿ ಸೇರಿತು. 1955ರ ನವೆಂಬರ್‌ನಲ್ಲಿ ಬೆಂಗಳೂರು ಕೇಂದ್ರ ಬಂತು, ಮೈಸೂರು ಸುಮ್ಮನಾಯಿತು. ಮೈಸೂರಿನಲ್ಲಿ ಕೇಂದ್ರ ಮತ್ತೆ ತೆರೆಯಲು 1974 ಬರಬೇಕಾಯಿತು. ಕೇಂದ್ರ ಹೋದ ಊರಿಗೆ ಅದು ಸುಲಭವಾಗಿ ಮರಳುವುದಿಲ್ಲ.

ಮುಂದೆ ದಶಕಗಳ ಕಾಲ ಪ್ರಸಾರ ಸರಕಾರದ ಸ್ವತ್ತಾಯಿತು. 1885ರ ಟೆಲಿಗ್ರಾಫ್ ಕಾಯ್ದೆಯೇ ಅದಕ್ಕೆ ಆಧಾರ. ಪ್ರಸಾರವಿರಲಿ, ಕೇಳುವುದಕ್ಕೂ 1980ರ ದಶಕದವರೆಗೆ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಿತ್ತೆಂಬುದು ಹಿರಿಯರಿಗೆ ನೆನಪಿರಬಹುದು. ಬೀಗ ಸಡಿಲವಾದದ್ದು ಕ್ರಿಕೆಟ್ಟಿನಿಂದ. 1993ರ ಹೀರೊ ಕಪ್ ಪಂದ್ಯಗಳ ಪ್ರಸಾರದ ಹಕ್ಕಿನ ಜಗಳ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1995ರ ಫೆಬ್ರುವರಿಯಲ್ಲಿ ಬಂದ ತೀರ್ಪು, ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು, ಅವು ಸರಕಾರದ ಏಕಸ್ವಾಮ್ಯವಲ್ಲ ಎಂದಿತು. ಹಣವಿದ್ದವರ ಏಕಸ್ವಾಮ್ಯಕ್ಕೂ ಅವು ಸಲ್ಲಬಾರದು ಎಂಬುದು ತೀರ್ಪಿನ ಇನ್ನೊಂದು ಮಗ್ಗುಲು.

ಆನಂತರ ನಡೆದದ್ದು ಹರಾಜು. 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ‘ರೇಡಿಯೊ ಸಿಟಿ’ ಬೆಂಗಳೂರಿನಲ್ಲಿ ದನಿ ತೆಗೆಯಿತು. ಆ ಸುತ್ತಿನಲ್ಲಿ ವರ್ಷವರ್ಷ ಏರುವ ಶುಲ್ಕ ಕಟ್ಟಲಾಗದೆ ಹಲವರು ಹಿಂದೆ ಸರಿದರು. 2005ರ ನೀತಿಯಲ್ಲಿ ಒಂದು ಬಾರಿಯ ಪ್ರವೇಶ ಶುಲ್ಕ ಹಾಗೂ ವರಮಾನದಲ್ಲಿ ಶೇಕಡ 4ರ ಪಾಲು ಎಂದಾಯಿತು. 2015ರ ಹರಾಜು ಗೂಡಿನ ಮಾರುಕಟ್ಟೆಯಂತೆಯೇ ಇ-ಹರಾಜು. ಬೆಂಗಳೂರಿನ ಒಂದೇ ಒಂದು ತರಂಗಾಂತರಕ್ಕೆ ಬಿದ್ದ ಬೆಲೆ ಸುಮಾರು 109 ಕೋಟಿ ರೂಪಾಯಿ. ಯಂತ್ರ, ಕಟ್ಟಡ ಸೇರಿಸದೆ, ಬರೀ ರೂಟಿನ ಬೆಲೆ!

ಇಲ್ಲಿ ಕೊಂಡದ್ದು ಸ್ವಂತವಾಗುವುದಿಲ್ಲ, ಅದು ಗೊತ್ತಾದ ವರ್ಷಗಳ ಗುತ್ತಿಗೆ ಮಾತ್ರ. ಒಂದು ಊರಿನ ಒಟ್ಟು ಕೇಂದ್ರಗಳಲ್ಲಿ ಒಬ್ಬರಿಗೆ ಶೇಕಡ 40ಕ್ಕಿಂತ ಹೆಚ್ಚು ಇರುವಂತಿಲ್ಲ, ಕನಿಷ್ಠ ಮೂವರು ಬೇರೆ ಬೇರೆ ಒಡೆಯರಿರಬೇಕು. ದೇಶದ ಒಟ್ಟಿನಲ್ಲಿ ಶೇಕಡ 15 ಮೀರಬಾರದೆಂಬ ಮಿತಿಯೂ 2023ರವರೆಗೆ ಇತ್ತು. ಆದ್ದರಿಂದ ನಮ್ಮಲ್ಲಿ ಬಿಡಿ ಕೇಂದ್ರಗಳ ಸಂತೆಯಿಲ್ಲ, ಹೆಚ್ಚಾಗಿ ಕೈಬದಲಾಗುವುದು ಕಂಪನಿಯೇ. 2015ರಲ್ಲಿ ‘ರೇಡಿಯೊ ಸಿಟಿ’ಯ ಕಂಪನಿ ಜಾಗರಣ್ ಪತ್ರಿಕಾ ಸಮೂಹದ ಪಾಲಾಯಿತು. ‘ಬಿಗ್ ಎಫ್‌ಎಂ’ನ ಕಂಪನಿ ದಿವಾಳಿ ಪ್ರಕ್ರಿಯೆಗೆ ಬಂದು, 2024ರಲ್ಲಿ ನ್ಯಾಯಮಂಡಳಿಯ ಒಪ್ಪಿಗೆಯೊಂದಿಗೆ ಹೊಸ ಒಡೆಯರನ್ನು ಕಂಡಿತು. ಬೆಂಗಳೂರಿನ ಕೇಳುಗನಿಗೆ ಅದೇ ಸಂಖ್ಯೆ, ಅದೇ ಹೆಸರು.

ಮಾರಲಾಗದ ಕೇಂದ್ರ

ರಾಮನಗರದ ವರ್ತಕರ ಪ್ರಶ್ನೆಗೆ ಹಿಂದಿರುಗೋಣ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ 234 ಹೊಸ ಪಟ್ಟಣಗಳಲ್ಲಿ 730 ಖಾಸಗಿ ಎಫ್‌ಎಂಗಳ ಹರಾಜಿಗೆ ಒಪ್ಪಿಗೆ ಕೊಟ್ಟಿದೆ. ಪಟ್ಟಿಯಲ್ಲಿರುವ ಊರಿಗೆ ಕಂಪನಿ ಕಟ್ಟಿ ಹರಾಜಿಗೆ ನಿಲ್ಲಬಹುದು. ಆದರೆ ಸಣ್ಣ ಊರಿಗೆ ಇನ್ನೊಂದು ಬಾಗಿಲೂ ಇದೆ. ಅದು ಸಮುದಾಯ ಬಾನುಲಿ.

ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ 2003ರಲ್ಲಿ ‘ನಮ್ಮ ಧ್ವನಿ’ ಆರಂಭಿಸಿದಾಗ ಹಳ್ಳಿಗೆ ಪರವಾನಗಿಯೇ ಸಿಗುತ್ತಿರಲಿಲ್ಲ. ಕೇಬಲ್ ತಂತಿಯ ಮೂಲಕ ಮನೆಮನೆಗೆ ದನಿ ಕಳಿಸಿದರು. 2006ರ ನೀತಿಯು ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಕೊಟ್ಟಿತು. 100 ವ್ಯಾಟ್ ಶಕ್ತಿ, ಸುತ್ತಮುತ್ತ ಸುಮಾರು ಹತ್ತು ಕಿಲೋಮೀಟರ್ ವ್ಯಾಪ್ತಿ, ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯರದೇ. ಇದಕ್ಕೆ ಹರಾಜಿಲ್ಲ. ಜೊತೆಗೊಂದು ಷರತ್ತು: ಈ ಪರವಾನಗಿಯನ್ನು ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಅಂದರೆ ಯಾವ ದಲ್ಲಾಳಿಯೂ ಇದರ ಬೆಲೆ ಕೂಗಲಾರ.

ಕಷ್ಟಗಳೂ ಇವೆ. ಜಾಹೀರಾತಿಗೆ ಮಿತಿಯಿರುವುದರಿಂದ ಕೇಂದ್ರ ನಡೆಸುವ ಖರ್ಚು ಹುಟ್ಟುವುದು ದುಸ್ತರ. ಖಾಸಗಿ ಎಫ್‌ಎಂನಂತೆ ಇಲ್ಲಿಯೂ ಸ್ವಂತ ಸುದ್ದಿ ಪ್ರಸಾರಕ್ಕೆ ಅವಕಾಶವಿಲ್ಲ, ಆಕಾಶವಾಣಿಯ ವಾರ್ತೆಯನ್ನಷ್ಟೇ ಬಿತ್ತರಿಸಬಹುದು. ಆದರೆ ಹವಾಮಾನ, ರಸ್ತೆ ಸಂಚಾರ, ನೀರು, ವಿದ್ಯುತ್ತು, ಸ್ಥಳೀಯ ಆಡಳಿತ ಕೊಡುವ ವಿಪತ್ತಿನ ಎಚ್ಚರಿಕೆ ಸುದ್ದಿಯೆಂದು ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ಧಾರಾಳವಾಗಿ ಹೇಳಬಹುದು.

2022ರ ಆಗಸ್ಟ್ ಕೊನೆಯ ಮಳೆಯನ್ನು ರಾಮನಗರದವರು ಮರೆತಿಲ್ಲ. ಬಕ್ಷಿ ಕೆರೆ ಉಕ್ಕಿ ಬಡಾವಣೆಗಳಿಗೆ ನೀರು ನುಗ್ಗಿತು, ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ವಾಹನಗಳು ಮುಳುಗಿದವು. ಅಂಥ ದಿನ ಜನಕ್ಕೆ ಬೇಕಾದದ್ದು ಯಾವ ಬೀದಿಯಲ್ಲಿ ನೀರಿದೆ, ಮಕ್ಕಳು ಮುದುಕರನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬ ಎರಡು ಮಾತು. ಹಾಡಿಗೆ ಬೆಂಗಳೂರಿನ ಕೇಂದ್ರ ಸಾಕು. ಈ ಎರಡು ಮಾತಿಗೆ ಬೀದಿಯ ಹೆಸರು ಬಲ್ಲವರೇ ಮೈಕಿನ ಮುಂದೆ ಕೂತಿರಬೇಕು.